ಒಕ್ಕೂಟದೊಳಗಿನ ಗಡಿ: ಕಾಸರಗೋಡಿನಿಂದ ಒಂದು ಉತ್ತರ

ದೊಡ್ಡ ಒಕ್ಕೂಟವೊಂದಕ್ಕೆ ಸೇರಿರುವುದರಿಂದ ಗಡಿಯಲ್ಲಿ ಬದುಕುವವರಿಗೆ ಲಾಭವೇ, ನಷ್ಟವೇ ಎಂದು ಕೇಳಿದ್ದೀರಿ. ಕಾಸರಗೋಡಿನ ಕನ್ನಡಿಗನಾಗಿ ನಾನು ಕಂಡಂತೆ, ಭಾರತ ಒಕ್ಕೂಟವು ಕೇರಳ-ಕರ್ನಾಟಕಗಳ ನಡುವಿನ ನಮ್ಮ ಗಡಿಯನ್ನು ಸರಕಿನ ಮಟ್ಟಿಗೆ ಬಹುಪಾಲು ಅಳಿಸಿದೆ. ಮನುಷ್ಯರ ಮಟ್ಟಿಗೆ ಅದು ಇನ್ನೂ ಉಳಿದಿದೆ.

1956ರ ನವೆಂಬರ್ 1ರಂದು ರಾಜ್ಯಗಳ ಪುನರ್ವಿಂಗಡಣೆಯಾದಾಗ, ಅದುವರೆಗೆ ಒಂದೇ ದಕ್ಷಿಣ ಕನ್ನಡ ಜಿಲ್ಲೆಯಲ್ಲಿದ್ದ ಮಂಗಳೂರು ಮೈಸೂರು ರಾಜ್ಯಕ್ಕೂ ಕಾಸರಗೋಡು ಕೇರಳಕ್ಕೂ ಸೇರಿದವು. ಚಂದ್ರಗಿರಿ ನದಿಯ ಉತ್ತರದ ಪ್ರದೇಶವನ್ನು ಕರ್ನಾಟಕಕ್ಕೆ ಕೊಡಬೇಕೆಂದು, ಗಡಿ ವಿವಾದ ಪರಿಶೀಲಿಸಲು ಕೇಂದ್ರ ನೇಮಿಸಿದ್ದ ಮಹಾಜನ ಆಯೋಗವು 1967ರಲ್ಲಿ ಶಿಫಾರಸು ಮಾಡಿದರೂ ಅದು ಜಾರಿಗೆ ಬರಲಿಲ್ಲ. ರಾಜಧಾನಿ ತಿರುವನಂತಪುರವಾದರೂ ನಮ್ಮಲ್ಲಿ ಬಹಳ ಮಂದಿಗೆ ಪೇಟೆ, ಕಾಲೇಜು, ದೊಡ್ಡ ಆಸ್ಪತ್ರೆ ಎಂದರೆ ಇಂದಿಗೂ ಮಂಗಳೂರೇ.

ಲಾಭವನ್ನು ಅಡಿಕೆಯಲ್ಲಿ ನೋಡಬಹುದು. 1973ರಲ್ಲಿ ಮಂಗಳೂರಿನಲ್ಲಿ ಸ್ಥಾಪನೆಯಾದ ಕ್ಯಾಂಪ್ಕೋ ಎರಡೂ ರಾಜ್ಯಗಳ ಬೆಳೆಗಾರರ ಸಹಕಾರಿ ಸಂಸ್ಥೆಯಾದುದರಿಂದ, ತೋಟ ಗಡಿಯ ಯಾವ ಬದಿಯಲ್ಲಿದ್ದರೂ ಚಾಲಿ (ಒಣಗಿಸಿ ಸುಲಿದ) ಅಡಿಕೆ ಸೇರುವುದು ಒಂದೇ ಮಾರುಕಟ್ಟೆಗೆ. 2017ರ ಜುಲೈ 1ರಂದು ಜಿಎಸ್‌ಟಿ ಬಂದ ಮೇಲೆ ಮಂಜೇಶ್ವರದಲ್ಲಿ ತೆರಿಗೆ ಕಾಗದಪತ್ರ ಹಿಡಿದು ಕಾಯುತ್ತಿದ್ದ ಲಾರಿಗಳ ಸಾಲೂ ಇಲ್ಲವಾಯಿತು. ಆದರೆ ಪೆಟ್ರೋಲ್ ಜಿಎಸ್‌ಟಿಯ ಹೊರಗಿದೆ, ಅದಕ್ಕೆ ರಾಜ್ಯಕ್ಕೊಂದು ತೆರಿಗೆ. ಗಡಿಯ ತಲಪಾಡಿ ದಾಟಿ, ಬೆಲೆ ಕಡಿಮೆಯಿರುವ ಕರ್ನಾಟಕದ ಬಂಕುಗಳಲ್ಲಿ ಟ್ಯಾಂಕ್ ತುಂಬಿಸಿಕೊಳ್ಳುವ ಕೆಎಲ್ 14 (ಕಾಸರಗೋಡು) ನೋಂದಣಿಯ ವಾಹನಗಳನ್ನು ನೋಡಿದರೆ ಈ ಆರ್ಥಿಕ ಏಕತೆ ಎಲ್ಲಿಗೆ ನಿಂತಿದೆಯೆಂಬುದು ತಿಳಿಯುತ್ತದೆ.

ಇದೇ ಅಡಿಕೆಗೆ ಇನ್ನೊಂದು ಮುಖವೂ ಇದೆ. ವಿದೇಶಿ ವ್ಯಾಪಾರದ ಒಪ್ಪಂದಗಳು ಕೇಂದ್ರದ ಅಧಿಕಾರಕ್ಕೆ ಸೇರಿದವು. 1998ರಲ್ಲಿ ಶ್ರೀಲಂಕಾದೊಂದಿಗೆ ಮುಕ್ತ ವ್ಯಾಪಾರ ಒಪ್ಪಂದವಾದಾಗ ನಮ್ಮ ಬೆಳೆಗಾರರ ಒಪ್ಪಿಗೆಯನ್ನು ಯಾರೂ ಕೇಳಲಿಲ್ಲ, ಕೇಳಬೇಕೆಂಬ ನಿಯಮವೂ ಇರಲಿಲ್ಲ. ಅಗ್ಗದ ಅಡಿಕೆ ಒಳಬರುತ್ತದೆಂಬ ಕೂಗಿನ ನಡುವೆ 2023ರಲ್ಲಿ ಕನಿಷ್ಠ ಆಮದು ಬೆಲೆಯನ್ನು (ಇದಕ್ಕಿಂತ ಅಗ್ಗದ ಅಡಿಕೆಯನ್ನು ತರಿಸುವಂತಿಲ್ಲ) ಕಿಲೋಗೆ 351 ರೂಪಾಯಿಗೆ ಏರಿಸಿದ್ದೂ ಅದೇ ಕೇಂದ್ರ. ಪೆಟ್ಟೂ ಮದ್ದೂ ದೆಹಲಿಯಿಂದಲೇ ಬರಬೇಕು.

ಗಡಿ ನಿಜಕ್ಕೂ ಗಡಿಯೆಂದು ನಮಗೆ ಅರಿವಾದದ್ದು 2020ರ ಮಾರ್ಚ್‌ನಲ್ಲಿ. ಕೊರೋನಾ ಭೀತಿಯಿಂದ ಕರ್ನಾಟಕವು ತಲಪಾಡಿಯ ಹೆದ್ದಾರಿಯನ್ನು ಮುಚ್ಚಿತು, ಒಳರಸ್ತೆಗಳಿಗೆ ಮಣ್ಣು ಸುರಿಸಿತು. ಮಂಗಳೂರಿನ ಆಸ್ಪತ್ರೆಗಳನ್ನೇ ನಂಬಿದ್ದ ರೋಗಿಗಳ ಆಂಬುಲೆನ್ಸ್‌ಗಳು ಗಡಿಯಿಂದ ಹಿಂದಿರುಗಬೇಕಾಯಿತು ಮತ್ತು ಚಿಕಿತ್ಸೆ ಸಿಗದೆ ಕೆಲವರು ತೀರಿಕೊಂಡರು. ದೇಶದೊಳಗೆ ಎಲ್ಲಿಗೂ ಹೋಗುವ ಹಕ್ಕನ್ನು ಸಂವಿಧಾನವೇ ಕೊಟ್ಟಿದೆಯೆಂಬುದು ಆ ದಿನಗಳಲ್ಲಿ ಆ ಮನೆಗಳವರ ಉಪಯೋಗಕ್ಕೆ ಬರಲಿಲ್ಲ. ಆದರೂ ನ್ಯಾಯವಾಗಿ ಹೇಳಬೇಕಾದದ್ದು ಒಂದಿದೆ: ಎರಡು ರಾಜ್ಯಗಳ ಮೇಲೆ ಒಂದು ಒಕ್ಕೂಟವಿದ್ದುದರಿಂದಲೇ ಕೇರಳ ಹೈಕೋರ್ಟ್ ಏಪ್ರಿಲ್ 1ರಂದು ತಡೆ ತೆರವುಗೊಳಿಸುವಂತೆ ಕೇಂದ್ರಕ್ಕೆ ಸೂಚಿಸಲು ಸಾಧ್ಯವಾಯಿತು, ವಿಷಯ ಸುಪ್ರೀಂ ಕೋರ್ಟಿಗೆ ಹೋದ ಬಳಿಕ ತುರ್ತು ರೋಗಿಗಳನ್ನು ಬಿಡುವ ಏರ್ಪಾಡಾಯಿತು. ಪರದೇಶಗಳ ನಡುವಿನ ಗಡಿಯಾಗಿದ್ದರೆ ದೂರು ಕೊಡಲು ಬಾಗಿಲೇ ಇರುತ್ತಿರಲಿಲ್ಲ.

ಭಾಷೆಯ ವಿಷಯದಲ್ಲಿ ಆ ಬಾಗಿಲು ಕಿರಿದು. ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯ ಶಿಕ್ಷಣಕ್ಕೆ ಅನುಕೂಲ ಕಲ್ಪಿಸಬೇಕೆನ್ನುವ 350ಎ ವಿಧಿಯನ್ನೂ, ಭಾಷಾ ಅಲ್ಪಸಂಖ್ಯಾತರಿಗಿರುವ ರಕ್ಷಣೆಗಳನ್ನು ಪರಿಶೀಲಿಸಲು ವಿಶೇಷ ಅಧಿಕಾರಿಯನ್ನು ನೇಮಿಸುವ 350ಬಿ ವಿಧಿಯನ್ನೂ ಸಂವಿಧಾನಕ್ಕೆ ಸೇರಿಸಿದ್ದು ನಾವು ಕೇರಳಕ್ಕೆ ಸೇರಿದ 1956ರಲ್ಲಿಯೇ. ಆ ಅಧಿಕಾರಿ ರಾಷ್ಟ್ರಪತಿಗೆ ವರದಿ ಸಲ್ಲಿಸಬಹುದು, ಶಿಕ್ಷಕರನ್ನು ನೇಮಿಸುವಂತಿಲ್ಲ. ಹೀಗಾಗಿ ಕನ್ನಡ ಬಾರದ ಶಿಕ್ಷಕರು ಕನ್ನಡ ಮಾಧ್ಯಮದ ತರಗತಿಗೆ ಬಂದಾಗ ಪೋಷಕರು ತಿರುವನಂತಪುರಕ್ಕೆ ಮನವಿ ಬರೆಯಬೇಕು, ಇಲ್ಲವೇ ಖರ್ಚು ಮಾಡಿಕೊಂಡು ಎರ್ನಾಕುಳಂನ ಹೈಕೋರ್ಟಿಗೆ ಹೋಗಬೇಕು. ಅಷ್ಟರಲ್ಲಿ ಮಕ್ಕಳು ಮುಂದಿನ ತರಗತಿಗೆ ಹೋಗಿರುತ್ತಾರೆ.