ಇಲ್ಲಿ ಮುಯ್ಯಿ ಪುಸ್ತಕವನ್ನು ಮದುವೆಗೆ ಮೊದಲೇ ಬರೆದಿಡುತ್ತಾರೆ

ನ್ಯೂಜೆರ್ಸಿಗೆ ಬಂದು ಮೂರು ತಿಂಗಳಾಗಿದೆ, ಆಫೀಸಿನ ಅಮೆರಿಕನ್ ಗೆಳತಿಯ ಮದುವೆಗೆ ಕರೆ ಬಂದಿದೆ, ಅವರ ಮದುವೆ ವೆಬ್‌ಸೈಟಿನಲ್ಲಿ ‘ರಿಜಿಸ್ಟ್ರಿ’ ಅಂತ, ಉಡುಗೊರೆಯಾಗಿ ತಮಗೆ ಬೇಕಾದ ಬಾಣಲೆ, ಟವೆಲ್, ತಟ್ಟೆಗಳ ಪಟ್ಟಿ ಇದೆ ಅಂದಿರಿ. ಅದರಿಂದಲೇ ಕೊಡಬೇಕಾ, ಊರಿಂದ ತಂದ ಬೆಳ್ಳಿ ದೀಪ ಕೊಟ್ಟರೆ ಆಗಲ್ವಾ, ದುಡ್ಡು ಕೊಡಬಹುದಾ ಅಂತಲೂ ಕೇಳಿದ್ದೀರಿ. ‘ಇಂಥದ್ದೇ ಬೇಕು ಅಂತ ಬಾಯಿಬಿಟ್ಟು ಕೇಳೋದು ನಾಚಿಕೆ ಅಲ್ವಾ ಅಕ್ಕ’ ಅನ್ನುವ ನಿಮ್ಮ ಸಾಲು ಓದಿ ನಾನು ಬಂದ ಹೊಸತು ನೆನಪಾಯಿತು. ನನಗೂ ಹಾಗೇ ಅನ್ನಿಸಿತ್ತು.

ನಮ್ಮಲ್ಲಿ ಆರತಕ್ಷತೆಯ ದಿನ ಯಾರು ಏನು ಮುಯ್ಯಿ ಮಾಡಿದರು ಅಂತ ಪುಸ್ತಕದಲ್ಲಿ ಬರೆದುಕೊಳ್ಳುತ್ತಾರಲ್ಲ, ಇಲ್ಲಿ ಆ ಪುಸ್ತಕದಲ್ಲಿ ವಸ್ತುವಿನ ಕಾಲಂ ಮೊದಲೇ ತುಂಬಿರುತ್ತದೆ, ಹೆಸರಿನ ಕಾಲಂ ಮಾತ್ರ ಖಾಲಿ. ಶಿಕಾಗೋದ ಮಾರ್ಷಲ್ ಫೀಲ್ಡ್ಸ್ ಅಂಗಡಿ 1924ರಲ್ಲಿ ಶುರು ಮಾಡಿದ ಪದ್ಧತಿ ಇದು, ಇವರ ಅಜ್ಜಿಯರ ಕಾಲದಿಂದ ನಡೆದುಬಂದಿದೆ. ಕೇಳುವುದು ಇಲ್ಲಿ ನಾಚಿಕೆಯಲ್ಲ, ಒಂದೇ ಮನೆಗೆ ಮೂರು ಟೋಸ್ಟರ್ ಬರದಿರಲಿ ಅನ್ನುವ ಮುಂದಾಲೋಚನೆ.

ಪಟ್ಟಿಯನ್ನು ಈ ವಾರವೇ ತೆರೆಯಿರಿ. ಐವತ್ತರಿಂದ ನೂರು ಡಾಲರಿನ ವಸ್ತುಗಳು ಮೊದಲು ಖಾಲಿಯಾಗುತ್ತವೆ, ತಡಮಾಡಿದರೆ ಉಳಿಯುವುದು ಹದಿನೈದು ಡಾಲರಿನ ಸೌಟು, ಇಲ್ಲವೇ ನಾನೂರು ಡಾಲರಿನ ಮಿಕ್ಸರ್. ಸಹೋದ್ಯೋಗಿಗೆ ಐವತ್ತರಿಂದ ನೂರು ಸಾಕು, ಆಪ್ತರಾದರೆ ನೂರರ ಮೇಲೆ. ಊಟದ ತಟ್ಟೆಗೆ ಅವರಿಗೆ ಎಷ್ಟು ಬಿತ್ತೋ ಅಷ್ಟು ಕೊಡಬೇಕು ಅಂತ ಯಾರಾದರೂ ಹೇಳಿದರೆ ಕಿವಿಗೆ ಹಾಕಿಕೊಳ್ಳಬೇಡಿ. ಪಟ್ಟಿಯಲ್ಲಿ ಕಾಣುವ ಬೆಲೆಗೆ ಸೇಲ್ಸ್ ಟ್ಯಾಕ್ಸ್ ಸೇರಿರುವುದಿಲ್ಲ. ನ್ಯೂಜೆರ್ಸಿಯಲ್ಲಿ ಅದು 6.625 ಶೇಕಡಾ, 80 ಡಾಲರಿನ ಬಾಣಲೆಗೆ 85.30 ಆಗುತ್ತದೆ. ಸಾಗಣೆ ಖರ್ಚು ಕೆಲವೊಮ್ಮೆ ಅದರ ಮೇಲೆ.

ಬಿಡಿ ತಟ್ಟೆ, ಬಿಡಿ ಚಮಚ ಕೊಳ್ಳುವಾಗ ಒಂದಾಳಿನ ಸೆಟ್ ಪೂರ್ತಿಯಾಗುವ ಹಾಗೆ ಕೊಳ್ಳಿ. ಚಮಚದ ಸೆಟ್ ಅಂದರೆ ಸಾಮಾನ್ಯವಾಗಿ ಐದು: ಊಟದ ಫೋರ್ಕ್, ಸಲಾಡ್ ಫೋರ್ಕ್, ಚಾಕು, ದೊಡ್ಡ ಚಮಚ, ಟೀ ಚಮಚ. ಎಂಟು ಸೆಟ್ ಕೇಳಿದ್ದು ಎರಡು ಮಾತ್ರ ಬಂದಿದ್ದರೆ ಇನ್ನೆರಡು ಕೊಡುವುದು ಒಳ್ಳೆಯದೇ, ಪೂರ್ತಿ ಎಂಟು ತುಂಬಿಸುವ ಹೊಣೆ ನಿಮ್ಮದಲ್ಲ. ಹೊದಿಕೆ, ಹಾಸು ಕೊಳ್ಳುವುದಾದರೆ ಅವರು ಬರೆದ ಅಳತೆ ಬದಲಿಸಬೇಡಿ. ಕ್ವೀನ್ ಮಂಚ 60 ಇಂಚು ಅಗಲ, ಕಿಂಗ್ 76, ಒಂದರ ಹಾಸು ಇನ್ನೊಂದಕ್ಕೆ ಕೂರುವುದಿಲ್ಲ. ಬಣ್ಣವೂ ಹಾಗೇ. ಅವರು ಬೂದು ಬಣ್ಣ ಕೇಳಿದ್ದರೆ ಬೂದೇ ಕೊಡಿ, ನಮ್ಮ ಕಣ್ಣಿಗೆ ಮಂಕಾಗಿ ಕಂಡರೂ. ದುಬಾರಿ ವಸ್ತುವಿಗೆ ‘ಗ್ರೂಪ್ ಗಿಫ್ಟ್’ ಅಂತಿದ್ದರೆ ನಿಮ್ಮ ಪಾಲಿನ ಐವತ್ತು ಹಾಕಬಹುದು. ಆಫೀಸಿನ ನಾಲ್ವರು ಸೇರಿಯೂ ಕೊಡಬಹುದು.

ಇನ್ನು ಹೊಸಬರು ಹೆಚ್ಚಾಗಿ ಎಡವುವ ಜಾಗಕ್ಕೆ ಬರುತ್ತೇನೆ. ನಾನೂ ಎಡವಿದ್ದೇನೆ, ಅದರ ಬೇಸರ ಇನ್ನೂ ಹೋಗಿಲ್ಲ. ಅದೇ ಬಾಣಲೆ ಬೇರೆ ಅಂಗಡಿಯಲ್ಲಿ ಇಪ್ಪತ್ತು ಡಾಲರ್ ಕಡಿಮೆಗೆ ಸಿಗುತ್ತದೆ, ನಾವು ಉಳಿತಾಯದ ಜನ, ಅಲ್ಲಿ ಕೊಂಡು ಕಳಿಸುತ್ತೇವೆ. ಪಟ್ಟಿಗೆ ಅದು ಗೊತ್ತಾಗುವುದಿಲ್ಲ, ಆ ವಸ್ತು ಇನ್ನೂ ಬೇಕು ಅಂತಲೇ ತೋರಿಸುತ್ತಿರುತ್ತದೆ. ಇನ್ನೊಬ್ಬರು ಅದನ್ನೇ ಕೊಳ್ಳುತ್ತಾರೆ. ಮನೆಗೆ ಎರಡು ಬಾಣಲೆ ಬರುತ್ತವೆ, ನಿಮ್ಮದರಲ್ಲಿ ಹೆಸರಿನ ಚೀಟಿಯೂ ಇರುವುದಿಲ್ಲ. ಯಾರು ಕೊಟ್ಟರು ಅಂತ ಗೊತ್ತಿಲ್ಲದೆ ಅವರು ವಾಪಸ್ ಮಾಡುವುದು ಅದನ್ನೇ. ಹಣ ಹೋಗಿ, ಹೆಸರೂ ಬರುವುದಿಲ್ಲ.

ಆದ್ದರಿಂದ ಪಟ್ಟಿಯ ಒಳಗಿನಿಂದಲೇ ಬಟನ್ ಒತ್ತಿ ಕೊಳ್ಳಿ. ಬೇರೆ ಕಡೆ ಕೊಂಡೇ ತೀರಬೇಕೆಂದರೆ, ‘ಬೇರೆ ಕಡೆ ಕೊಂಡಿದ್ದೇನೆ’ ಅಂತ ಗುರುತು ಹಾಕುವ ಸೌಲಭ್ಯ ಪಟ್ಟಿಯಲ್ಲಿ ಇದೆಯಾ ನೋಡಿ, ಇದ್ದರೆ ಅದೇ ದಿನ ಗುರುತು ಹಾಕಿ. ಹಣ ಕಟ್ಟುವಾಗ ವಿಳಾಸದ ಜಾಗದಲ್ಲಿ ದಂಪತಿಯ ವಿಳಾಸವನ್ನೇ ಆರಿಸಿ. ಅದು ಪೂರ್ತಿ ಕಾಣುವುದಿಲ್ಲ, ಗಾಬರಿಯಾಗಬೇಡಿ. ಗಮನಿಸದಿದ್ದರೆ ಪೆಟ್ಟಿಗೆ ನಿಮ್ಮ ಮನೆಗೇ ಬರಬಹುದು.

ಉಡುಗೊರೆಯ ಸಂದೇಶದ ಜಾಗವನ್ನು ಖಾಲಿ ಬಿಡಲೇಬೇಡಿ. ನಮ್ಮವರಿಗೆ ಇದು ಇನ್ನೂ ಮುಖ್ಯ. ಪಾಸ್‌ಪೋರ್ಟಿನಲ್ಲಿ ಅಪ್ಪನ ಹೆಸರೋ ಊರಿನ ಹೆಸರೋ ಕೊನೆಗೆ ಕೂತಿರುತ್ತದೆ, ಆಫೀಸಿನಲ್ಲಿ ಕರೆಯುವ ಹೆಸರು ಬೇರೆ, ಕ್ರೆಡಿಟ್ ಕಾರ್ಡ್ ಗಂಡನ ಹೆಸರಿನಲ್ಲಿರುತ್ತದೆ. ಪೆಟ್ಟಿಗೆಯ ಮೇಲೆ ಆ ಖಾತೆಯ ಹೆಸರು ಬಂದರೆ ನಿಮ್ಮ ಗೆಳತಿಗೆ ತಲೆಬುಡ ತಿಳಿಯುವುದಿಲ್ಲ. ಅವರು ನಿಮ್ಮನ್ನು ಕರೆಯುವ ಹೆಸರು, ಪಕ್ಕದಲ್ಲಿ ಯಾವ ಟೀಮಿನವರು ಅಂತ, ಮತ್ತೆ ಎರಡು ಸಾಲು ಹಾರೈಕೆ. ಅಷ್ಟು ಸಾಕು.

ಮದುವೆ ಮನೆಗೆ ಪೆಟ್ಟಿಗೆ ಹೊತ್ತುಕೊಂಡು ಹೋಗಬೇಡಿ. ನಮ್ಮಲ್ಲಿ ವೇದಿಕೆ ಹತ್ತಿ ಕೈಗೇ ಕೊಟ್ಟು ಫೋಟೋ ತೆಗೆಸಿಕೊಂಡರೆ ಸಮಾಧಾನ. ಇಲ್ಲಿ ಹಾಗೆ ಕೊಟ್ಟರೆ ರಾತ್ರಿ ಅದನ್ನು ಕಾರಿಗೆ ಸಾಗಿಸುವ ಕೆಲಸ ಅವರ ಅಪ್ಪ ಅಮ್ಮನಿಗೆ ಬೀಳುತ್ತದೆ. ಶುಭಾಶಯದ ಕಾರ್ಡ್ ಮಾತ್ರ ಒಯ್ಯಿರಿ, ಬಾಗಿಲ ಬಳಿ ಅದಕ್ಕೆಂದೇ ಪೆಟ್ಟಿಗೆ ಇಟ್ಟಿರುತ್ತಾರೆ, ಅದರಲ್ಲಿ ಹಾಕಿ.

ದುಡ್ಡು ಕೊಡಬಹುದು, ಖಂಡಿತ ತಪ್ಪಲ್ಲ. ನೋಟಿಗಿಂತ ಚೆಕ್ ಒಳ್ಳೆಯದು, ಕಾರ್ಡ್ ಪೆಟ್ಟಿಗೆ ಕಳುವಾಗುವುದುಂಟು. ಚೆಕ್ಕಿನಲ್ಲಿ ಇಬ್ಬರ ಹೆಸರಿನ ನಡುವೆ ‘ಆ್ಯಂಡ್’ ಬರೆದರೆ ಇಬ್ಬರೂ ಸಹಿ ಮಾಡಬೇಕಾಗುತ್ತದೆ, ‘ಆರ್’ ಅಂದರೆ ಒಬ್ಬರು ಸಾಕು. ಮದುಮಗಳಿಗೆ ಗಂಡನ ಮನೆತನದ ಹೆಸರನ್ನು ನೀವೇ ಸೇರಿಸಬೇಡಿ. ಅವರು ಹೆಸರು ಬದಲಿಸದಿರಬಹುದು, ಬದಲಿಸಿದರೂ ಬ್ಯಾಂಕಿನಲ್ಲಿ ಸ್ವಲ್ಪ ಕಾಲ ಹಳೆಯದೇ ಇರುತ್ತದೆ. 100ರ ಬದಲು 101 ಬರೆಯಿರಿ. ಆ ಒಂದು ಡಾಲರ್ ಯಾಕೆ ಅಂತ ಕಾರ್ಡಿನಲ್ಲಿ ಒಂದು ಸಾಲು ಬರೆದರೆ ಅವರಿಗೂ ಇಷ್ಟವಾಗುತ್ತದೆ.

ಬೆಳ್ಳಿ ದೀಪ ಬೇಡ ಅನ್ನಲು ನನಗೆ ಮನಸ್ಸು ಬರುತ್ತಿಲ್ಲ. ಆದರೂ ಬೇಡ. ದೀಪ ಹಚ್ಚದ ಮನೆಯಲ್ಲಿ ಅದು ಕಪಾಟಿನಲ್ಲಿ ಕಪ್ಪಾಗುತ್ತದೆ, ತಿಕ್ಕಬೇಕು ಅಂತಲೂ ಅವರಿಗೆ ತಿಳಿದಿರುವುದಿಲ್ಲ. ಇಲ್ಲೇ ಹುಟ್ಟಿ ಬೆಳೆದ ನಮ್ಮ ಮಕ್ಕಳ ಮದುವೆಗೆ ಎತ್ತಿಡಿ. ಈ ಗೆಳತಿಗೆ ಊರಿನದೇ ಏನಾದರೂ ಕೊಡಬೇಕೆನಿಸಿದರೆ, ಪಟ್ಟಿಯ ಉಡುಗೊರೆಯ ಜೊತೆಗೆ ಚನ್ನಪಟ್ಟಣದ ಅರಗಿನ ಬಣ್ಣದ ಸಣ್ಣ ಡಬ್ಬಿಯೊಂದನ್ನು ಆಮೇಲೆ ಆಫೀಸಿನಲ್ಲಿ ಕೈಗೆ ಕೊಡಿ. ಪಟ್ಟಿಯ ಬದಲಿಗೆ ಅಲ್ಲ, ಜೊತೆಗೆ.

ಮಕ್ಕಳನ್ನು ಕರೆದೊಯ್ಯುವ ವಿಷಯ: ಲಕೋಟೆಯ ಮೇಲೆ ಯಾರ ಹೆಸರಿದೆಯೋ ಅವರು ಮಾತ್ರ. ‘ಮನೆಮಂದಿಯೆಲ್ಲ ಬನ್ನಿ’ ಅನ್ನುವುದು ಇಲ್ಲಿಲ್ಲ.

ಮುಂದೆ ಎಡಿಸನ್ ಕಡೆ ಕನ್ನಡದವರ ಮದುವೆಗೆ ಹೋದಾಗ ಕರೆಯೋಲೆಯಲ್ಲಿ ‘ನೋ ಬಾಕ್ಸ್‌ಡ್ ಗಿಫ್ಟ್ಸ್’ ಅಂತಿರುತ್ತದೆ, ದುಡ್ಡಿನ ಲಕೋಟೆ ಕೊಡಿ ಅಂತ ಅರ್ಥ. ಹೊಸ ಸಂಸಾರಕ್ಕೆ ಮಿಕ್ಸಿ ಕೊಡುವಷ್ಟು ಹತ್ತಿರದವರಾದರೆ ಬೆಂಗಳೂರಿನಿಂದ ತರಿಸಬೇಡಿ. ಅಲ್ಲಿಯದು 230 ವೋಲ್ಟಿನದು, ಇಲ್ಲಿ 120, ಚಟ್ನಿ ಸಹ ನುಣ್ಣಗಾಗುವುದಿಲ್ಲ. ಇಲ್ಲಿಯ ಇಂಡಿಯನ್ ಅಂಗಡಿಗಳಲ್ಲಿ ಇಲ್ಲಿಗೆಂದೇ ಮಾಡಿದ, 110 ವೋಲ್ಟ್ ಅಂತ ಬರೆದಿರುವ ಪ್ರೀತಿ ಕಂಪನಿಯ ಮಿಕ್ಸಿ ಸಿಗುತ್ತದೆ.

ಕೊಂಡ ಮೇಲೆ ಆರ್ಡರ್ ನಂಬರ್ ಅಳಿಸಬೇಡಿ. ಮದುವೆಯಾಗಿ ಮೂರು ತಿಂಗಳೊಳಗೆ ಕೈಬರಹದ ಥ್ಯಾಂಕ್ಯೂ ಕಾರ್ಡ್ ಅಂಚೆಯಲ್ಲಿ ಬರುವುದು ರೂಢಿ. ಬರದಿದ್ದರೆ ಮೊದಲು ಆರ್ಡರ್ ತೆರೆದು ತಲುಪಿದೆಯಾ ನೋಡಿ, ಆಮೇಲೆ ಗೆಳತಿಯನ್ನು ‘ಬಾಣಲೆ ಸಿಕ್ಕಿತಾ, ಎಲ್ಲೋ ಕಳೆದುಹೋಯಿತೇನೋ ಅಂದುಕೊಂಡೆ’ ಅಂತ ಮೆಲ್ಲಗೆ ಕೇಳಿ. ಕಾರ್ಡ್ ಬಂದಾಗ ಲಕೋಟೆಯ ಮೇಲೆ ನಿಮ್ಮ ಹೆಸರನ್ನು ಅವರು ಹೇಗೆ ಬರೆದಿದ್ದಾರೆ ಅಂತ ನನಗೂ ತಿಳಿಸಿ.