ಮನೆ ಕಟ್ಟಲು ಬಳಸುವ ಕೆಂಪು ಜಂಬಿಟ್ಟಿಗೆ ಕಲ್ಲು ಕಡಿಯುವಾಗ ಮೆತ್ತಗಿದ್ದು ಆಮೇಲೆ ಯಾಕೆ ಗಟ್ಟಿಯಾಗುತ್ತದೆ?

ಕಲ್ಲಿನೊಳಗಿನ ತೇವ ಆರಿದಾಗ ಅದರಲ್ಲಿರುವ ಕಬ್ಬಿಣದ ಅಂಶ ಹರಳುಗಟ್ಟಿ, ಉಳಿದದ್ದನ್ನೆಲ್ಲ ಬಿಗಿಯಾಗಿ ಹಿಡಿದುಕೊಳ್ಳುತ್ತದೆ. ಅದಕ್ಕೇ ಗಾಳಿ, ಬಿಸಿಲು ತಾಗಿದ ಮೇಲೆ ಗಟ್ಟಿಯಾಗುವುದು.

ಅಷ್ಟೊಂದು ಕಬ್ಬಿಣ ಎಲ್ಲಿಂದ ಬಂತು? ಜಂಬಿಟ್ಟಿಗೆ ಮೊದಲಿನಿಂದ ಹೀಗೇ ಇದ್ದ ಕಲ್ಲಲ್ಲ. ಬೇರೆ ಕಲ್ಲು ಕೊಳೆತು ಆಗಿದ್ದು. ನಮ್ಮ ಶಿವಮೊಗ್ಗ ಜಿಲ್ಲೆಯ ನೆಲದಡಿ ಬಹಳ ಕಡೆ ನೈಸ್ ಎಂಬ ಬೂದು ಪಟ್ಟೆಯ ಕಲ್ಲಿದೆ. ಭೂಮಿಯ ಆಳದ ಕಾವು, ಒತ್ತಡಕ್ಕೆ ಸಿಕ್ಕಿ ರೂಪ ಬದಲಿಸಿದ ಕಲ್ಲು ಅದು. ವಯಸ್ಸು ಸುಮಾರು 300 ಕೋಟಿ ವರ್ಷ!

ಮಳೆನೀರು ಕಾಡಿನ ಕೊಳೆತ ಎಲೆಗಳ ನಡುವೆ ಇಳಿಯುವಾಗ ತುಸು ಹುಳಿಯಾಗುತ್ತದೆ, ಅಂದರೆ ಆಮ್ಲ ಸೇರುತ್ತದೆ. ಆ ನೀರು ಬಿರುಕುಗಳಿಗೆ ಹೊಕ್ಕು ಕಲ್ಲಿನ ಸುಣ್ಣ, ಸೋಡಿಯಂ, ಪೊಟ್ಯಾಸಿಯಂಗಳನ್ನು ಬೇಗ ತೊಳೆದು ಒಯ್ಯುತ್ತದೆ. ಸಿಲಿಕಾ, ಅಂದರೆ ಮರಳಿನಲ್ಲಿರುವ ವಸ್ತು, ನಿಧಾನವಾಗಿ ಹೋಗುತ್ತದೆ. ಕಬ್ಬಿಣ, ಅಲ್ಯೂಮಿನಿಯಂ ಸುಲಭಕ್ಕೆ ಕರಗುವುದಿಲ್ಲ, ಅಲ್ಲೇ ಉಳಿಯುತ್ತವೆ. ಕಬ್ಬಿಣಕ್ಕೆ ತುಕ್ಕು ಹಿಡಿದು ಆ ಕೆಂಪು ಬರುತ್ತದೆ.

ಸುಮ್ನೆ ಮಳೆ ಬಿದ್ದರೆ ಸಾಲದು, ಬೇಸಿಗೆಯೂ ಬೇಕು. ಮಳೆಗಾಲದಲ್ಲಿ ನೆಲದೊಳಗಿನ ನೀರು ಮೇಲೇರುತ್ತದೆ, ಬೇಸಿಗೆಯಲ್ಲಿ ಇಳಿಯುತ್ತದೆ. ಈ ಏರಿಳಿತದಲ್ಲೇ ಕಬ್ಬಿಣ ಗಂಟುಗಂಟಾಗಿ ಕೂಡುವುದು. ಮಲೆನಾಡಿನಲ್ಲಿ ಎರಡೂ ಇವೆ, ಅಲ್ವಾ?

1807ರಲ್ಲಿ ಫ್ರಾನ್ಸಿಸ್ ಬುಕಾನನ್ ಎಂಬ ಬ್ರಿಟಿಷ್ ವೈದ್ಯ, ಸಮೀಕ್ಷಕರು ಜಂಬಿಟ್ಟಿಗೆಗೆ ಲ್ಯಾಟರೈಟ್ ಎಂದು ಹೆಸರಿಟ್ಟರು. ಲ್ಯಾಟಿನ್‌ನಲ್ಲಿ ‘ಲೇಟರ್’ ಅಂದರೆ ಇಟ್ಟಿಗೆ. ನಮ್ಮ ಹೆಸರಿನಲ್ಲೂ ಇಟ್ಟಿಗೆ ಇದೆ ನೋಡಿ, ನನಗೆ ಇದು ತುಂಬಾ ಇಷ್ಟ.

ಮನೆ ಕಟ್ಟುವವರಾದರೆ, ಹೊಸದಾಗಿ ಕಡಿದ ಕಲ್ಲನ್ನು ಚೆನ್ನಾಗಿ ಆರಲು ಬಿಟ್ಟು ಆಮೇಲೆ ಗೋಡೆಗೆ ಇಡಿ.