ಜರವಾರ ಭಾಷೆಯಲ್ಲಿರುವುದು ಕರ್ಮಣಿ ಪ್ರಯೋಗವೇ?

ಬ್ರೆಜಿಲ್‌ನ ಜರವಾರ ಭಾಷೆಯಲ್ಲಿ ಕ್ರಿಯಾಪದವು ಕೆಲವೊಮ್ಮೆ ಕರ್ಮದ ಲಿಂಗವನ್ನು ಅನುಸರಿಸುತ್ತದೆ, ಹಾಗಾದರೆ ಅದು ಕರ್ಮಣಿ ಪ್ರಯೋಗವಲ್ಲವೇ ಎಂದು ಕೇಳಿದ್ದೀರಿ. ಅಲ್ಲ ಎಂಬುದೇ ನನ್ನ ಉತ್ತರ, ಆದರೆ ಹಾಗೆ ತೋರುವುದು ಸಹಜ.

ಅಮೆಜಾನಾಸ್ ರಾಜ್ಯದ ಪುರುಸ್ ನದಿಯ ಆಸುಪಾಸಿನಲ್ಲಿ ಕೆಲವೇ ನೂರು ಜನ ಆಡುವ, ಅರವಾ ಕುಟುಂಬಕ್ಕೆ ಸೇರಿದ ಈ ಭಾಷೆಗೆ ಭಾಷಾಶಾಸ್ತ್ರಜ್ಞ ಆರ್. ಎಂ. ಡಬ್ಲ್ಯೂ. ಡಿಕ್ಸನ್ 2004ರಲ್ಲಿ ವಿಸ್ತಾರವಾದ ವ್ಯಾಕರಣ ಬರೆದರು. ಅದರಂತೆ ಇಲ್ಲಿ ಸಕರ್ಮಕ ವಾಕ್ಯಕ್ಕೆ ಎರಡು ರಚನೆಗಳಿವೆ. ಹೆಂಗಸೊಬ್ಬಳು ಗಂಡಸೊಬ್ಬನನ್ನು ಕಂಡಳು ಎನ್ನಬೇಕಾಗಿದೆ ಎಂದುಕೊಳ್ಳಿ. ಮಾತು ಅವಳ ಸುತ್ತ ಸಾಗುತ್ತಿದ್ದರೆ ಕ್ರಿಯಾಪದದ ಕೊನೆಗೆ ಸ್ತ್ರೀಲಿಂಗದ ‘-ಕೆ’ ಬರುತ್ತದೆ. ಕಥೆ ಅವನದಾಗಿದ್ದರೆ ಪುಲ್ಲಿಂಗದ ‘-ಕ’ ಬರುತ್ತದೆ, ಜೊತೆಗೆ ಕ್ರಿಯಾಪದದ ಮುಂದೆ ‘ಹಿ-’ ಎಂಬ ಪೂರ್ವಪ್ರತ್ಯಯ ಸೇರುತ್ತದೆ.

ಕನ್ನಡದ ‘ಸೀತೆಯು ರಾವಣನಿಂದ ಅಪಹರಿಸಲ್ಪಟ್ಟಳು’ ಎಂಬ ವಾಕ್ಯದಲ್ಲೂ ಕ್ರಿಯಾಪದ ಸೀತೆಯನ್ನೇ ಅನುಸರಿಸುತ್ತದೆ (ಇಂಥ ವಾಕ್ಯಗಳು ನಮ್ಮ ಆಡುಮಾತಿನಲ್ಲಿ ಅಪರೂಪ, ಆ ಮಾತು ಬೇರೆ). ಆದರೆ ಇಲ್ಲಿ ಕರ್ತೃವಾದ ರಾವಣ ತೃತೀಯಾ ವಿಭಕ್ತಿಗೆ ಸರಿದು ವಾಕ್ಯದ ಅಂಚಿಗೆ ಹೋಗಿದ್ದಾನೆ. ಅವನನ್ನು ಕೈಬಿಟ್ಟರೂ ವಾಕ್ಯಕ್ಕೆ ಕುಂದಿಲ್ಲ. ಜರವಾರದಲ್ಲಿ ಅಂಚಿನ ಪದಗಳಿಗೆಲ್ಲ ‘ಜಾ’ ಎಂಬ ಒಂದೇ ಪರಸರ್ಗವಿದ್ದು (ಪದದ ನಂತರ ಬರುವ ಗುರುತು), ‘ಹಿ-’ ಬಂದ ವಾಕ್ಯದಲ್ಲೂ ಕರ್ತೃವಿಗೆ ಅದು ಹತ್ತುವುದಿಲ್ಲ. ಕರ್ತೃ, ಕರ್ಮ ಎರಡೂ ವಾಕ್ಯದ ಒಳಗೇ ಉಳಿಯುತ್ತವೆ, ಕ್ರಿಯಾಪದ ಸಕರ್ಮಕವಾಗಿಯೇ ಇರುತ್ತದೆ.

ಇದಕ್ಕಿಂತ ಬಲವಾದ ಸಾಕ್ಷ್ಯ, ನನ್ನ ಮಟ್ಟಿಗೆ, ‘ಹಿ-’ ಎಲ್ಲಿ ಬರುವುದಿಲ್ಲ ಎಂಬುದರಲ್ಲಿದೆ. ಕರ್ತೃ ಮತ್ತು ಕರ್ಮ ಎರಡೂ ಪ್ರಥಮ ಪುರುಷದಲ್ಲಿದ್ದಾಗ, ಅಂದರೆ ‘ಅವನು’, ‘ಅವಳು’, ‘ಅದು’ ಎನ್ನುವ ಬಗೆಯಲ್ಲಿದ್ದಾಗ ಮಾತ್ರ ಅದು ಕಾಣಿಸಿಕೊಳ್ಳುತ್ತದೆ. ಮಾತು ಕರ್ಮದ ಸುತ್ತ ಸಾಗುತ್ತಿದ್ದರೂ ಕರ್ತೃ ‘ನಾನು’ ಆದರೆ ಕ್ರಿಯಾಪದ ‘ಒ-’ ಎಂಬ ತನ್ನ ಎಂದಿನ ಉತ್ತಮ ಪುರುಷದ ಗುರುತನ್ನೇ ಹೊತ್ತು, ಲಿಂಗದಲ್ಲಿ ಮಾತ್ರ ಕರ್ಮವನ್ನು ಅನುಸರಿಸುತ್ತದೆ. ‘ಹಿ-’ ನಮ್ಮ ‘ಅಲ್ಪಡು’ವಿನಂತಹ ಕರ್ಮಣಿ ಪ್ರತ್ಯಯವಾಗಿದ್ದರೆ ‘ನಾನು’ ಬಂದ ಕೂಡಲೇ ಮರೆಯಾಗಲು ಕಾರಣವಿರಲಿಲ್ಲ.

ಉದಾಹರಣೆಗಳನ್ನು ಓದುವಾಗ ಒಂದು ಎಚ್ಚರ ಬೇಕು: ಜರವಾರದಲ್ಲಿ ಸರ್ವನಾಮಗಳನ್ನೆಲ್ಲ ಸ್ತ್ರೀಲಿಂಗವೆಂದೇ ಎಣಿಸಲಾಗುತ್ತದೆ. ಗಂಡಸು ‘ನಾನು ಕಂಡೆ’ ಎಂದು ತನ್ನನ್ನೇ ಕೇಂದ್ರವಾಗಿಟ್ಟು ಹೇಳಿದರೂ ಕೊನೆಗೆ ಬರುವುದು ‘-ಕೆ’ ಆದ್ದರಿಂದ, ಅಲ್ಲಿ ‘-ಕೆ’ ಕಂಡ ಮಾತ್ರಕ್ಕೆ ಕ್ರಿಯಾಪದವು ಯಾವುದೋ ಸ್ತ್ರೀಲಿಂಗದ ಕರ್ಮವನ್ನು ಅನುಸರಿಸಿದೆ ಎಂದು ತೀರ್ಮಾನಿಸಲಾಗದು.